ಹೊತ್ತು ಮುಳುಗಿದ ಮೇಲೆ ನೋಡಬೇಕಾದ ದೀಪ

ಕಾರಿನ ವೈರಿಂಗ್‌ನಲ್ಲಿ ಮಾಲಿಂಗಪ್ಪನನ್ನು ಮೀರಿಸುವವರು ಗೋಕಾಕದಲ್ಲಿ ಇಲ್ಲ ಎಂದು ಊರು ಹೇಳುತ್ತಿತ್ತು. ಊರು ಹೇಳುವ ಮೊದಲೇ ಅವನು ಹೇಳಿಕೊಂಡಿರುತ್ತಿದ್ದ, ಆ ಮಾತು ಬೇರೆ. ಫೋನು ಎತ್ತಿದರೆ ಹಲೋ ಗಿಲೋ ಇಲ್ಲ, "ವೈರಿಂಗ್ ಮಾಲಿಂಗಪ್ಪ ಮಾತಾಡೂದು" ಅಷ್ಟೇ. ಗಾಡಿಯ ಹಿಂಬದಿಯನ್ನು ಅಂಗಡಿಯ ಸುಣ್ಣದ ಗೋಡೆಗೆ ತಿರುಗಿಸಿ, ತಾನೇ ಒಳಗೆ ಕುಳಿತು ಬ್ರೇಕು ತುಳಿದು, ಗೋಡೆಯ ಮೇಲೆ ಬಿದ್ದ ಕೆಂಪನ್ನು ಕನ್ನಡಿಯಲ್ಲಿ ನೋಡಿದನೆಂದರೆ ಕೆಲಸ ಮುಗಿದಂತೆ. ಕೆಲಸ ಕಲಿಸಿದ ರಾಜಪ್ಪ ಮಾತ್ರ ಒಂದು ಕಟ್ಟಳೆ ಹಾಕಿದ್ದರು: ಹಿಂದಿನ ದೀಪ ಮುಟ್ಟಿದ ಗಾಡಿಯನ್ನು ಹೊತ್ತು ಮುಳುಗಿದ ಮೇಲೆ ಒಮ್ಮೆ ನೋಡದೆ ಬಿಡಬಾರದು.

ಹುಕ್ಕೇರಿಯ ಕಾಳಿನ ವ್ಯಾಪಾರಿ ನೇಮಣ್ಣ ತಮ್ಮ ಹದಿನೆಂಟು ವರ್ಷದ ಕಾರು ತಂದ ದಿನ ಆ ಕಟ್ಟಳೆ ಮುರಿಯಿತು. ಅದೇ ಕಾರಿನ ಹೊಸ ಮಾದರಿಗೆ ಬರುವ ಎಲ್‌ಇಡಿ ದೀಪ ಅವರಿಗೆ ಬೇಕಿತ್ತು. ಹಳೆಯ ಸಾಕೆಟ್ಟಿಗೆ ಹೊಸ ದೀಪ ಕೂರಲಿಲ್ಲ. ಮಾಲಿಂಗಪ್ಪ ಸಾಕೆಟ್ಟು ಕತ್ತರಿಸಿ ವೈರು ಹೊಸೆದು ಜೋಡಿಸುವಷ್ಟರಲ್ಲಿ ಸಂಜೆ ಐದಾಯಿತು. ನೇಮಣ್ಣ ಜೈನರು, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವವರಲ್ಲ. ಮತ್ತೆ ಮತ್ತೆ ಆಕಾಶ ನೋಡುತ್ತಿದ್ದರು. ಹಿರಿಯರನ್ನು ಉಪವಾಸ ಕೆಡವುವುದೆ? ಮಾಲಿಂಗಪ್ಪ ಹೆಡ್‌ಲೈಟು ಹಾಕಿದ, ಹಿಂದೆ ಕೆಂಪು ಕಂಡಿತು. ಅದನ್ನು ಆರಿಸಿ ಬ್ರೇಕು ತುಳಿದ, ಆಗಲೂ ಕಂಡಿತು. ಎರಡನ್ನೂ ಕೂಡಿಸಿ ನೋಡಲಿಲ್ಲ.

"ಹೋಗಿ ಬರ್ರಿ ಕಾಕಾ, ಊಟಕ್ಕ ಹೊತ್ತಾಗತೈತಿ" ಎಂದ.

ಎಂಟು ತಿಂಗಳು ಏನೂ ಆಗಲಿಲ್ಲ. ಹೇಗೆ ಆದೀತು? ನೇಮಣ್ಣ ಹಗಲಿರುವಾಗಲೇ ಮನೆ ಸೇರುವವರು, ದೀಪ ಹಾಕಿ ಕಾರು ಓಡಿಸಿದವರೇ ಅಲ್ಲ. ಒಂದು ದಿನ ನಿಡಸೋಸಿಯ ಕಾಲೇಜಿನಲ್ಲಿ ಪಾಠ ಹೇಳುವ ಅವರ ಸೊಸೆ ಸರಿತಾ ಆ ಕಾರು ಒಯ್ದಳು. ಮರಳುವಾಗ ಕತ್ತಲಾಗಿತ್ತು. ಮುಂದೆ ಕಬ್ಬಿನ ಟ್ರ್ಯಾಕ್ಟರ್ ನಿಂತಿದ್ದನ್ನು ಕಂಡು ಬ್ರೇಕು ಹಾಕಿದಳು. ಬೀಗರ ಮನೆಯಿಂದ ಹೊರಟಿದ್ದ ಕುಲಗೋಡದ ದುಂಡಪ್ಪ ಹಿಂದಿನಿಂದ ಬೈಕು ಗುದ್ದಿದ. ಕಾರಿನ ಎಡಗಡೆಯ ದೀಪ ಒಡೆಯಿತು, ಅವನ ಬಲಗೈ ಮುರಿಯಿತು. ಬ್ರೇಕು ಹಾಕಿದ್ದೇ ಕಾಣಲಿಲ್ಲ ಎಂದು ಅವನು ಹೇಳಿದರೆ ನೆರೆದವರು ನಕ್ಕರು. ಇಷ್ಟು ಝಗಝಗಿಸುವ ದೀಪ ಕಾಣದವನು ಮೊದಲು ಕಣ್ಣು ತೋರಿಸಿಕೊಳ್ಳಲಿ ಎಂದರು.

ಮರುದಿನ ನೇಮಣ್ಣ ಕಾರು ತಂದರು. ಮಾಲಿಂಗಪ್ಪ ಗೋಡೆಗೆ ನಿಲ್ಲಿಸಿ, ಈ ಸಲ ಹೆಡ್‌ಲೈಟು ಹಾಕಿಕೊಂಡೇ ಬ್ರೇಕು ತುಳಿದ. ಗೋಡೆಯ ಕೆಂಪು ಇದ್ದ ಹಾಗೆಯೇ ಇತ್ತು. ಎರಡು ವೈರು ಅದಲುಬದಲಾಗಿದ್ದವು: ಬ್ರೇಕಿಗೆ ಹತ್ತಬೇಕಾದ ಪ್ರಖರ ಬೆಳಕು ಹೆಡ್‌ಲೈಟು ಹಾಕಿದೊಡನೆ ಹತ್ತಿಯೇ ಇರುತ್ತಿತ್ತು, ಬ್ರೇಕು ತುಳಿದರೆ ಹೆಚ್ಚಲು ಏನೂ ಉಳಿದಿರಲಿಲ್ಲ.

"ನೀ ಹಾಕಿದ ದೀಪ, ನೀನ ಹೇಳಪಾ" ಎಂದರು ನೇಮಣ್ಣ. "ಆ ಮನಿಷಾ ಸುಳ್ಳ ಹೇಳಾಕತ್ತಾನೇನು?"

ಮಾಲಿಂಗಪ್ಪ ಹೆಡ್‌ಲೈಟು ಆರಿಸಿದ. ಬರೀ ಬ್ರೇಕು ತುಳಿದ. "ಹಿಂದ ನೋಡ್ರಿ ಕಾಕಾ, ಹತ್ತತೈತಿ."

ಹತ್ತಿತ್ತು, ಅದೂ ಖರೆ. ನೇಮಣ್ಣ ತಲೆಯಾಡಿಸಿ ಚಹಾ ಕುಡಿಯಲು ಹೋದರು. ಹೊಸ ದೀಪ ಕೂರಿಸುವ ನೆಪದಲ್ಲಿ ಮಾಲಿಂಗಪ್ಪ ಎರಡೂ ಬದಿಯ ವೈರು ಸರಿಪಡಿಸಿದ, ಕಳ್ಳನಂತೆ ಆಚೆ ಈಚೆ ನೋಡುತ್ತ. ಆಮೇಲೆ ಯಾರಾದರೂ ಅವನ ಕೆಲಸ ಹೊಗಳಿದರೆ ಬೈದಂತೆ ಕೇಳಿಸತೊಡಗಿತು. ಆದರೂ ಬಾಯಿ ಬಿಡಲಿಲ್ಲ.

ಎರಡು ತಿಂಗಳ ಮೇಲೆ ದುಂಡಪ್ಪನೇ ಅಂಗಡಿಗೆ ಬಂದ. ಬೈಕನ್ನು ಅಳಿಯ ಓಡಿಸಿಕೊಂಡು ಬಂದು, ಬಿಟ್ಟು, ಸಂತೆಗೆ ಹೋದ.

"ಮುಂದಿನ ದೀಪಾ ಒಂದ ಸರಿ ಮಾಡಿ ಕೊಡ್ರಿ, ಬೈಕ್ ಮಾರೂದೈತಿ" ಎಂದ ದುಂಡಪ್ಪ. "ನನ್ನ ಕಣ್ಣ ಹೋದೂ ಅಂತ ಮನ್ಯಾಗ ಗಾಡಿ ಮುಟ್ಟಗೊಡವಲ್ರು. ನನಗೂ ಈಗ ಹಂಗ ಅನಸತೈತಿ. ಹುಕ್ಕೇರಿ ಕಾರಿನ ಕೆಂಪ ದೀಪಾ ಕಾಣಲಿಲ್ಲಂದ್ರ ಇನ್ನೇನ್ರಿ."

ಮಾಲಿಂಗಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟ.

"ನಿಮ್ಮ ಕಣ್ಣ ಚಲೋ ಅದಾವ್ರಿ" ಎಂದ ನೆಲ ನೋಡುತ್ತ. "ಬ್ರೇಕಿನ ದೀಪಾ ಕಾಣತಿದ್ದಿಲ್ಲ. ಆ ವೈರ್ ನಾನ ತಪ್ಪ ಜೋಡಿಸಿದ್ನಿ."

ದುಂಡಪ್ಪ ಹತ್ತಿರ ಬಂದ. "ನಿಮಗ ಯಾವಾಗ ಗೊತ್ತಾತು?"

"ಮರುದಿನಾನ."

ದುಂಡಪ್ಪ ಬೈಯಲಿಲ್ಲ. ಇನ್ನೂ ಪೂರ್ತಿ ಮಡಚಲು ಬಾರದ ಬೆರಳಿನಿಂದ ಹೆಂಡತಿ ಲಕ್ಕವ್ವನ ನಂಬರು ಒತ್ತಿ ಫೋನು ಚಾಚಿದ. "ನನಗ ಹೇಳಿದ್ದ ಸಾಕು. ಹೊತ್ತು ಮುಳಗಿದ ಮ್ಯಾಲ ಆಕಿ ನನ್ನ ಕೈ ಹಿಡದ ನಡಸಾಕತ್ತಾಳ. ಆಕಿಗೆ ಹೇಳ್ರಿ. ಆಮ್ಯಾಲ ಹುಕ್ಕೇರಿಗೆ ಹೋಗಿ ಕಾರಿನವ್ರಿಗೂ ಹೇಳೂಣು."

"ಯಾರ್ರಿ ಮಾತಾಡೂದು?" ಎಂದಿತು ಆ ಕಡೆಯ ದನಿ.

ದಿನಕ್ಕೆ ಇಪ್ಪತ್ತು ಸಲ ಹೇಳುವ ಹೆಸರು ಮಾಲಿಂಗಪ್ಪನ ನಾಲಿಗೆಗೆ ಬರಲಿಲ್ಲ.

"ದೀಪಾ ತಪ್ಪ ಹಾಕಿದಾಂವ ಮಾತಾಡೂದ್ರಿ, ಅವ್ವಾರ" ಎಂದ.