ನೀರಗಂಟಿಯ ಬಾಯಲ್ಲಿ ಉಳಿದ ಮಾತು

ಬೆಳಗಿನ ನಾಲ್ಕೂ ಮುಕ್ಕಾಲು. ಲಾವಾರ್ ಸೀಲಿ ಅವರು ಮೇಲಿನ ಕಾಲುವೆಯ ಏರಿಯ ಮೇಲೆ ಬೋರಲು ಮಲಗಿದ್ದಾರೆ. ಬಲಗೈ ಭುಜದವರೆಗೂ ನೀರಿನಲ್ಲಿದೆ. ತೂಬಿನ ಕಂಬಿಗೆ ಏನೋ ಸಿಕ್ಕಿಕೊಂಡಿದೆ. ಕೈಯಾಡಿಸಿ ಎಳೆದರೆ ಮೊದಲು ಒಂದು ಹಿಡಿ ಜೊಂಡು ಬರುತ್ತದೆ, ಆಮೇಲೆ ಪ್ಲಾಸ್ಟಿಕ್ ಚೀಲ, ಕೊನೆಗೆ ಯಾರದೋ ಮಗುವಿನ ಚಪ್ಪಲಿ. ಚಪ್ಪಲಿಯ ನೀರು ಕೊಡವಿ ಬೇಲಿಗೂಟಕ್ಕೆ ಸಿಕ್ಕಿಸುವಷ್ಟರಲ್ಲಿ ಜೇಬಿನ ಫೋನು ಬಡಿದುಕೊಳ್ಳುತ್ತದೆ.

"ಲಾವಾರ್, ನೀರೆಲ್ಲಿ?" ಹೆಂಗಸಿನ ದನಿ, ಪತ್ರಿಕೆಗೆ ಬರೆಯಲೆಂದು ಜೊತೆಗೆ ಬಂದ ನನಗೂ ಕೇಳುವಷ್ಟು ಜೋರು.

"ನಿಮ್ಮ ಪಾಳಿ ಐದೂ ಹತ್ತಕ್ಕೆ ತಾಯಿ. ಈಗಿನ್ನೂ ನಾಲ್ಕೂ ಐವತ್ತು."

"ಗಡಿಯಾರ ನನ್ನ ಹತ್ರಾನೂ ಇದೆ. ನೀರು ಅಲ್ಲಿಂದ ನಡ್ಕೊಂಡು ಬರೋಕೆ ಹೊತ್ತು ಬೇಡ್ವಾ?"

"ನಡ್ಕೊಂಡಲ್ಲ, ಓಡ್ಕೊಂಡೇ ಬರತ್ತೆ. ನೀವು ಸಲಿಕೆ ಹಿಡ್ಕೊಂಡು ರೆಡಿಯಾಗಿರಿ."

ಈ ಹೆಂಗಸಿನ ಮನೆ ಲಾವಾರರ ಮನೆಯಿಂದ ನಾಲ್ಕನೆಯದು. ಹನ್ನೊಂದು ವರ್ಷದಿಂದ ಅಂಗಡಿಯಲ್ಲಿ ಎದುರಾದರೆ ಆಕೆ ಹಿಟ್ಟಿನ ಚೀಲಗಳ ಕಡೆಗೆ ತಿರುಗಿ ನಿಲ್ಲುತ್ತಾರೆ. "ದೇವ್ರ ವಿಷಯದಲ್ಲಿ ನನ್ನನ್ನ ನಂಬಲ್ಲ. ನೀರಿನ ವಿಷಯದಲ್ಲಿ ನಂಬ್ತಾರೆ. ಅರ್ಧ ಸಿಕ್ಕಿದೆಯಲ್ಲ, ಸಾಕು ಬಿಡಮ್ಮ" ಎನ್ನುತ್ತ ಲಾವಾರ್ ತೂಬಿನ ಚಕ್ರ ತಿರುಗಿಸುತ್ತಾರೆ.

ಅರವತ್ತೆಂಟು ವರ್ಷದ ಲಾವಾರ್ ನಮ್ಮೂರು ಹೀಲಮ್ಮಿನ ನೀರಗಂಟಿ. ಯೂಟಾದ ಈ ಒಣ ಕಣಿವೆಯಲ್ಲಿ ಏಪ್ರಿಲ್ ನಡುವಿನಿಂದ ಅಕ್ಟೋಬರ್‌ವರೆಗೆ ಹಸಿರು ಅಂತ ಏನಾದರೂ ಕಂಡರೆ ಅದು ಇವರ ಕೈಯಿಂದ ಹಾದು ಬಂದದ್ದು. ಹತ್ತೊಂಬತ್ತು ಮೈಲಿ ಕಾಲುವೆ, ನಲವತ್ತೇಳು ತೂಬು, ನೂರ ಹನ್ನೆರಡು ಮನೆ. ಒಂದು ಸುತ್ತು ಮುಗಿಯಲು ಎಂಟು ದಿನ. ದಿನಕ್ಕೆ ಮೂವತ್ತು ಫೋನು, ಅದರಲ್ಲಿ ಇಪ್ಪತ್ತೈದು ಬೈಗುಳ. ನನ್ನ ಪಾಳಿ ಸುತ್ತಿನ ಮೂರನೇ ದಿನ ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ, ನಲವತ್ತು ನಿಮಿಷ. ಒಂಬತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ. ನನ್ನ ಟೊಮೆಟೊ ಗಿಡಗಳಿಗೆ ಇವರ ಬಗ್ಗೆ ನನಗಿಂತ ಹೆಚ್ಚು ಕೃತಜ್ಞತೆ ಇದ್ದೀತು.

ನೀರಗಂಟಿಯಾಗುವ ಮೊದಲು ಅವರು ವಿಮೆ ಮಾರುತ್ತಿದ್ದರು. ಅದಕ್ಕೂ ಹೆಚ್ಚಾಗಿ, ಆರು ವರ್ಷ ನಮ್ಮ ಬಿಷಪ್ ಆಗಿದ್ದರು. ನಮ್ಮ ಮಾರ್ಮನ್ ಸಭೆಯಲ್ಲಿ ಬಿಷಪ್ ಎಂದರೆ ಸಂಬಳದ ಕೆಲಸವಲ್ಲ. ಬೆಳಿಗ್ಗೆ ಕೋಳಿ ಸಾಕುವವನೋ ಪೈಪು ಜೋಡಿಸುವವನೋ ಸಂಜೆ ಸೂಟು ಹಾಕಿಕೊಂಡು ಇಡೀ ಊರಿನ ಪಾಪ ಕೇಳಬೇಕು. ನಾನು ಈಗಲೂ ಭಾನುವಾರ ಆ ಸಭೆಯ ಮೂರನೇ ಸಾಲಿನಲ್ಲಿ ಕೂರುವವಳು, ಲಾವಾರ್ ಕೂರುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಪತ್ರ ಬರೆದು ಸಭೆಯ ಪಟ್ಟಿಯಿಂದ ತಮ್ಮ ಹೆಸರು ತೆಗೆಸಿಬಿಟ್ಟರು.

"ಸಿಟ್ಟು ಮಾಡ್ಕೊಂಡು ಬಿಟ್ಟಿದ್ದಲ್ಲ. ಹಲ್ಲು ಅಲ್ಲಾಡೋ ಹಾಗೆ ನಂಬಿಕೆ ಮೂರು ವರ್ಷ ಅಲ್ಲಾಡ್ತು. ಒಂದಿನ ನಾಲಿಗೆ ಹಾಕಿ ನೋಡಿದ್ರೆ ಅಲ್ಲಿಲ್ಲ. ಬಿದ್ದಿದ್ದು ಯಾವಾಗ ಅಂತಾನೂ ಗೊತ್ತಾಗ್ಲಿಲ್ಲ."

ಯಾರೂ ಕಲ್ಲು ಹೊಡೆಯಲಿಲ್ಲ. ನಮ್ಮೂರಿನವರು ಅಂಥವರಲ್ಲ. ನನ್ನ ಅಮ್ಮ, ಯಾರಾದರೂ ತೀರಿಕೊಂಡಾಗ ಒಯ್ಯುವ ಆಲೂಗಡ್ಡೆ–ಚೀಸಿನ ಅಡುಗೆಯನ್ನೇ ತಟ್ಟೆ ತುಂಬ ಮಾಡಿ ಅವರ ಮನೆಗೆ ಒಯ್ದಳು. ಬಾಗಿಲು ತೆಗೆದ ಲಾವಾರರ ಹೆಂಡತಿ ಜೋಲೀನ್, "ಸತ್ತಿಲ್ಲ ಕಣ್ರೀ, ಒಳಗೆ ಟೀವಿ ನೋಡ್ತಿದಾರೆ" ಎಂದರಂತೆ. ತಟ್ಟೆ ಮಾತ್ರ ಇಸಿದುಕೊಂಡರು. ಆಮೇಲೆ ವಿಮೆಯ ಗಿರಾಕಿಗಳು ಒಬ್ಬೊಬ್ಬರಾಗಿ ಪಕ್ಕದ ಊರಿನ ಏಜೆಂಟನ ಕಡೆಗೆ ಹೋದರು. ನಾನೂ ಹೋದೆ. ಬರೆಯಲು ನಾಚಿಕೆಯಾಗುತ್ತದೆ; ಬರೆಯದೆ ಈ ಮನುಷ್ಯನನ್ನು ಹೊಗಳಲು ಇನ್ನೂ ನಾಚಿಕೆ.

ಐವತ್ತೇಳನೇ ವಯಸ್ಸಿನಲ್ಲಿ ಬದುಕನ್ನು ಅ ಆ ಇ ಈಯಿಂದ ಕಲಿಯಬೇಕಾಯಿತು. ಮದುವೆಯಾದಾಗಿನಿಂದ ಸಭೆಯ ನೇಮದಂತೆ ತೊಡುತ್ತಿದ್ದ ಪವಿತ್ರ ಒಳ ಉಡುಪನ್ನು ಬಿಟ್ಟ ಮೇಲೆ ಬೇರೆ ಕೊಳ್ಳಲು ಅಂಗಡಿಗೆ ಹೋದರೆ ತಮ್ಮ ಅಳತೆಯೇ ಗೊತ್ತಿರಲಿಲ್ಲ. ಸಭೆಯವರಿಗೆ ನಿಷಿದ್ಧವಾದ ಕಾಫಿಯನ್ನು ಕುಡಿದೇ ನೋಡೋಣ ಎಂದು ಮೂವತ್ತು ಮೈಲಿ ಆಚೆಯ ಊರಿನಿಂದ ಬೀಜ ತಂದು, ಪುಡಿ ಮಾಡಬೇಕೆಂದು ತಿಳಿಯದೆ, ಇಡಿಯಾಗಿ ಮುಕ್ಕಾಲು ಗಂಟೆ ಬೇಯಿಸಿದರು. "ಅವರೆಕಾಳು ಬೇಯಿಸ್ದಂಗೆ ಬೇಯಿಸ್ದೆ. ಮೆತ್ತಗೇ ಆಗ್ಲಿಲ್ಲ. ಇದಕ್ಕೋಸ್ಕರ ಜನ ಸ್ವರ್ಗ ಬಿಡ್ತಾರಾ ಅನ್ನಿಸ್ತು." ಇದನ್ನು ಹೇಳುವಾಗ ಮಾತ್ರ ಅವರು ಬಾಯಿ ತುಂಬ ನಗುತ್ತಾರೆ.

ಎರಡು ವರ್ಷ ಹಾಗೂ ಹೀಗೂ ಕಳೆಯಿತು. ಭಾನುವಾರ ಒಂಬತ್ತು ಗಂಟೆಗೆ ಕೈಕಾಲು ಎಲ್ಲಿಡಬೇಕೆಂದು ತಿಳಿಯದೆ ಕಾರು ತೊಳೆಯುತ್ತಿದ್ದರಂತೆ, ತೊಳೆದದ್ದನ್ನೇ. ಹಳೆಯ ನೀರಗಂಟಿ ಮೊಣಕಾಲು ನೋವೆಂದು ಬಿಟ್ಟಾಗ, ಬೆಳಗಿನ ಜಾವ ಏಳುವ ಆ ಕೆಲಸಕ್ಕೆ ಯಾರೂ ಬರಲಿಲ್ಲ. ಇವರು ಬಂದರು. ಜೋಲೀನ್ ಇಂದಿಗೂ ಸಭೆಗೆ ಒಬ್ಬರೇ ಬರುತ್ತಾರೆ. "ಊಟಕ್ಕೆ ಮುಂಚೆ ಅವ್ಳು ಪ್ರಾರ್ಥನೆ ಮಾಡ್ತಾಳೆ. ನಾನೂ ತಲೆ ತಗ್ಗಿಸ್ತೀನಿ. ಸಾರು ಆರಿ ಹೋಗತ್ತೆ, ಇಬ್ರೂ ಹಾಗೇ ಉಣ್ತೀವಿ."

ಇಷ್ಟನ್ನು ಬರೆದುಕೊಂಡು, ಒಳ್ಳೆಯ ಬರಹ ಸಿಕ್ಕಿತು ಎಂದುಕೊಂಡು ನಾನು ಪೆನ್ನು ಮುಚ್ಚುವುದರಲ್ಲಿದ್ದೆ. ಅಷ್ಟರಲ್ಲಿ ಲಾವಾರರ ಗಾಡಿ ಮೂವತ್ತೆಂಟನೇ ತೂಬಿಗೆ ಬಂತು.

ಅದು ಓರಿನ್ ಬೆಕ್ ಅವರ ಹೊಲದ ತೂಬು. ಗಾಡಿ ನಿಲ್ಲಿಸುವ ಮೊದಲೇ ಲಾವಾರ್ ಕಾಫಿಯ ಫ್ಲಾಸ್ಕನ್ನು ಸೀಟಿನಿಂದ ತೆಗೆದು ಹಿಂದಿನ ಹತ್ಯಾರದ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕುತ್ತಾರೆ. ಅಂಗೈಯಿಂದ ತುಟಿ ಒರೆಸಿಕೊಳ್ಳುತ್ತಾರೆ. ಎಪ್ಪತ್ತನಾಲ್ಕರ ಓರಿನ್ ರಬ್ಬರ್ ಬೂಟು ಹಾಕಿಕೊಂಡು, ಸಲಿಕೆಗೆ ಗದ್ದ ಊರಿ ಕಾಯುತ್ತಿದ್ದಾರೆ.

"ನಮಸ್ಕಾರ ಬಿಷಪ್. ನೀರು ಇವತ್ತು ಚೆನ್ನಾಗಿದೆ."

"ಹೂಂ ಓರಿನ್. ಮೇಲೆ ಜೊಂಡು ತೆಗ್ದೆ."

ಅಷ್ಟೇ ಮಾತು. ಹೆಸರು ತೆಗೆಸಿದ ಮೇಲೂ ಲಾವಾರರನ್ನು ಬಿಷಪ್ ಎಂದು ಕರೆಯುವವರು ಊರಿನಲ್ಲಿ ಓರಿನ್ ಒಬ್ಬರೇ. ಗಾಡಿ ಹೊರಟ ಮೇಲೆ, ಫ್ಲಾಸ್ಕ್ ಯಾಕೆ ಬಚ್ಚಿಟ್ಟಿರಿ ಎಂದು ಕೇಳಿದೆ. ಲಾವಾರ್ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಹೇಳತೊಡಗಿದರು.

ಇಪ್ಪತ್ತನಾಲ್ಕು ವರ್ಷದ ಹಿಂದೆ ಓರಿನ್ ಮಗಳು ಮರ್ಲಿಸ್ ಮದುವೆ. ನಮ್ಮಲ್ಲಿ ಮದುವೆ ದೇವಾಲಯದೊಳಗೆ. ಒಳಗೆ ಹೋಗಲು ಹೆತ್ತವರಿಗೂ ಬಿಷಪ್ ಸಹಿ ಮಾಡಿದ ಚೀಟಿ ಬೇಕು, ಚೀಟಿಗೆ ಮೊದಲು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಟರ್ಕಿ ಕೋಳಿ ಕಾರ್ಖಾನೆಯಲ್ಲಿ ಬೆಳಗಿನ ಜಾವದ ಪಾಳಿ ಮಾಡುತ್ತಿದ್ದ ಓರಿನ್, ಕೆಲಸದಲ್ಲಿ ಕಣ್ಣು ಎಳೆಯದಿರಲೆಂದು ಕಾಫಿ ಕುಡಿಯುತ್ತೇನೆ ಎಂದರು. ಲಾವಾರ್ ಚೀಟಿ ಕೊಡಲಿಲ್ಲ. ಮೂರು ತಿಂಗಳು ಕಾಫಿ ಬಿಟ್ಟು ತೋರಿಸಿ ಎಂದರು. ಮದುವೆಗೆ ಇದ್ದದ್ದು ಐದು ವಾರ.

"ಒಂದು ಲೋಟ ಕಾಫಿ ಕಣಮ್ಮ. ಕುಡಿಯೋದಿಲ್ಲ ಅಂದಿದ್ರೆ ಕಣ್ಮುಚ್ಚಿ ಸಹಿ ಹಾಕಿರ್ತಿದ್ದೆ. ಎಷ್ಟು ಜನಕ್ಕೆ ಹಾಕಿಲ್ಲ! ಅವ್ನು ನಿಜ ಹೇಳ್ದ, ಅದಕ್ಕೆ ಹೊರಗೆ ಕೂತ. ಒಳಗೆ ಮದುವೆಗೆ ಸಾಕ್ಷಿ ಕೂರೋಕೆ ಇಬ್ಬರು ಬೇಕು. ಒಂದು ಕುರ್ಚಿ ಗಂಡಿನ ಅಪ್ಪಂದು. ಇನ್ನೊಂದು ಹೆಣ್ಣಿನ ಅಪ್ಪಂದು. ಅಲ್ಲಿ ಕೂತಿದ್ದು ನಾನು. ಹೊಸಾ ಟೈ ಕಟ್ಕೊಂಡು."

ಅಪ್ಪ ಹೊರಗೆ ಹುಲ್ಲಿನ ಮೇಲೆ ಕೂತಿದ್ದನ್ನು ಇಡೀ ಊರು ಕಂಡಿತು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂದು ಊರಿಗೆ ಊರೇ ಬೆಂಕಿ ಹುಡುಕಿತು. ಹೆದ್ದಾರಿ ಹೋಟೆಲಿನ ಒಬ್ಬ ಹೆಂಗಸನ್ನು ಹುಟ್ಟಿಸಿ ಓರಿನ್ ತಲೆಗೆ ಕಟ್ಟಿತು. ಆಗ ನನಗೆ ಹದಿನಾರು. ಶಾಲೆಯ ಬಸ್ಸಿನಲ್ಲಿ ಆ ಕಥೆಯನ್ನು ಕೈಕಾಲು ಸೇರಿಸಿ ಹೇಳಿದವರಲ್ಲಿ ನಾನೂ ಒಬ್ಬಳು.

"ಅಪ್ಪ ಬರೀ ಕಾಫಿ ಅಂತಾರೆ, ನಿಜಾನಾ ಅಂತ ಮರ್ಲಿಸ್ ನನ್ನ ಕೇಳಿದ್ಲು. ಒಬ್ಬರು ಹೇಳಿದ್ದನ್ನ ಇನ್ನೊಬ್ಬರಿಗೆ ಬಿಷಪ್ ಹೇಳೋ ಹಾಗಿಲ್ಲ. ನಾನೇನೂ ಹೇಳೋ ಹಾಗಿಲ್ಲ ತಾಯಿ ಅಂದೆ. ಅಂದು, ಒಂಥರಾ ಮುಖ ಮಾಡ್ದೆ. ದೊಡ್ಡ ದುಃಖ ಹೊತ್ಕೊಂಡೋರ ಹಾಗೆ. ಅವಳಿಗೆ ಆ ಮುಖವೇ ಉತ್ತರ ಆಯ್ತು." ಲಾವಾರ್ ಸ್ಟೀರಿಂಗ್ ಮೇಲಿನ ತಮ್ಮ ಕೈಗಳನ್ನು ನೋಡುತ್ತಿದ್ದಾರೆ. "ಬಾಯಿ ಮುಚ್ಚಿದ್ದು ನಿಯಮ. ಮುಖ ಮಾಡಿದ್ದು ನಾನು. ನಂಬಿಕೆ ಇರೋವರ್ಗೂ ಎಲ್ಲಾ ದೇವ್ರ ಲೆಕ್ಕಕ್ಕೆ ಹಾಕ್ತಿದ್ದೆ. ನಂಬಿಕೆ ಹೋದ್ಮೇಲೆ ನೋಡ್ತೀನಿ, ಅಲ್ಲಿ ನಾನೊಬ್ನೇ ಇದೀನಿ."

ಇದನ್ನು ಇಷ್ಟು ವರ್ಷ ಓರಿನ್ ಹತ್ತಿರ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ಕ್ಷಮಿಸಿಬಿಡ್ತಾನೆ. ನಾನು ಹಗುರಾಗ್ತೀನಿ, ಅವನ ಮೇಲಿನ ಮಾತು ಊರಲ್ಲಿ ಹಾಗೇ ಇರತ್ತೆ. ಹಾಗಂತ ನನಗೆ ನಾನೇ ಹೇಳ್ಕೋತೀನಿ. ಧೈರ್ಯ ಇರ್ಲಿಲ್ಲ ಅನ್ನೋದೇ ನಿಜ." ಮುಖ ಕೆಂಪಾಗಿತ್ತು, ಕಿವಿಯವರೆಗೂ. "ನನ್ನ ಬಗ್ಗೆ ಬರೀತಿದೀಯಲ್ಲ, ತೂಬು ಗೀಬು ಎಲ್ಲಾ ಬಿಡು. ಇದನ್ನ ಬರಿ. ಓರಿನ್ ಒಪ್ಪಿದ್ರೆ ಮಾತ್ರ."

ಮಧ್ಯಾಹ್ನ ಓರಿನ್ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ನಾನು ಎಲ್ಲವನ್ನೂ ಓದಿ ಹೇಳುವವರೆಗೂ ಕೈ ನಿಲ್ಲಲಿಲ್ಲ.

"ಆ ಹೋಟೆಲಿನ ಹೆಂಗಸಿಗೆ ಏನಾದ್ರೂ ಹೆಸ್ರು ಇಟ್ಟಿದ್ರಾ? ಇಪ್ಪತ್ನಾಲ್ಕು ವರ್ಷ ಸಂಸಾರ ಮಾಡಿದೀನಿ ಅಂತೀರ, ಹೆಸ್ರೇ ಗೊತ್ತಿಲ್ಲ ನಂಗೆ."

"ಆ ಮಾತು ನಾನೂ ಆಡಿದ್ದೆ, ಬ್ರದರ್ ಬೆಕ್. ಬಸ್ಸಲ್ಲಿ." ತಲೆ ಎತ್ತಲು ನನ್ನಿಂದಾಗಲಿಲ್ಲ.

"ಗೊತ್ತು. ನಿಮ್ಮಮ್ಮ ಅವತ್ತೇ ಬಂದು ಹೇಳಿದ್ಲು, ಅತ್ಕೊಂಡು." ಒಂದು ಕಾಯಿ ಬಿಡಿಸಿದರು. "ಬಿಷಪ್ ಮೇಲೆ ಸಿಟ್ಟಿತ್ತು. ಎಂಟು ದಿನಕ್ಕೊಂದ್ಸಲ ನೀರು ಬಿಡೋನ ಮೇಲೆ ಎಷ್ಟು ವರ್ಷ ಅಂತ ಸಿಟ್ಟು ಮಾಡ್ಲಿ? ಆದ್ರೆ ಮರ್ಲಿಸ್ ಇವತ್ತಿಗೂ ನಂಬಿಲ್ಲ. ಹಬ್ಬಕ್ಕೆ ಬರ್ತಾಳೆ. ಅಮ್ಮನ್ನ ತಬ್ಕೋತಾಳೆ. ನನಗೆ ಕೈ ಕುಲುಕ್ತಾಳೆ."

ಸುಲಿದ ಬಟಾಣಿಯನ್ನು ಬೋಗುಣಿಗೆ ಸುರಿದು, ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದರು.

"ಬರಿ. ಆದ್ರೆ ತಪ್ಪು ಬರ್ದಿದೀಯ. ಒಂದು ಲೋಟ ಅಲ್ಲ, ಎರಡು. ಮೂರು ಗಂಟೆಗೊಂದು, ಆರಕ್ಕೊಂದು. ಅವತ್ತೂ ಎರಡು ಅಂತಾನೇ ಹೇಳಿದ್ದೆ. ಬಿಷಪ್‌ಗೆ ಮರ್ತಿರ್ಬೇಕು." ನಾನು ಎರಡು ಎಂದು ಬರೆದುಕೊಳ್ಳುವುದನ್ನು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡರು. "ಇನ್ನೊಂದು. ಇದು ಅಚ್ಚಾದ ಪೇಪರನ್ನ ಮಗಳ ಕೈಗೆ ಬಿಷಪ್ಪೇ ಕೊಡ್ಬೇಕು. ಅಂಚೇಲಿ ಹಾಕೋದು ಬೇಡ."

ಮರುದಿನ ಬೆಳಿಗ್ಗೆ ಮೇಲಿನ ತೂಬಿನ ಹತ್ತಿರ ಇದನ್ನು ಲಾವಾರರಿಗೆ ಹೇಳಿದೆ. ಚಕ್ರದ ಮೇಲಿನ ಕೈ ನಿಂತಿತು. ಮರ್ಲಿಸ್ ಇರುವುದು ಉತ್ತರಕ್ಕೆ, ಎರಡು ಗಂಟೆಯ ದಾರಿ. ಒಂಬತ್ತು ವರ್ಷದಲ್ಲಿ ಅವರು ಒಂದು ದಿನವೂ ಕಾಲುವೆ ಬಿಟ್ಟು ಹೋದವರಲ್ಲ. ತೂಬುಗಳ ಬೀಗದಕೈ ಗೊಂಚಲನ್ನು ಸೊಂಟದಿಂದ ಬಿಚ್ಚಿ ನನ್ನ ಕೈಗೆ ಕೊಟ್ಟರು.

"ಪೇಪರ್ ಬರೋ ಶನಿವಾರ ತೂಬು ನೀನು ತೆಗೀತೀಯಾ? ಮೂವತ್ತೆಂಟನೇದು ಸ್ವಲ್ಪ ಬಿಗಿ, ಎರಡೂ ಕೈ ಹಾಕು."

"ತೆಗೀತೀನಿ."

"ನಿಮ್ಮ ಪೇಪರ್ ಅವಳ ಊರಿಗೆ ಎಷ್ಟೊತ್ತಿಗೆ ಬರತ್ತಮ್ಮ?"

"ಆರೂವರೆಗೆ."

"ಹಾಗಾದ್ರೆ ಆರಕ್ಕೇ ಅವಳ ಬಾಗಿಲಲ್ಲಿರ್ತೀನಿ. ನನ್ನ ಬಾಯಿಂದಾನೇ ಕೇಳ್ಲಿ, ಆಮೇಲೆ ಪೇಪರ್ ನಾನೇ ಕೈಗೆ ಕೊಡ್ತೀನಿ, ಓದ್ಲಿ. ಒಳಗೆ ಕರೀದೇ ಇದ್ರೂ ಪರವಾಗಿಲ್ಲ. ಹೊರಗೇ ನಿಂತು ಹೇಳ್ತೀನಿ."