ಬೇಡಗಕ್ಕೆ ಒಯ್ದ ತುಪ್ಪ

ಮೊನ್ನೆ ಕೊತ್ತಂಬರಿ ತರಲು ಮಿರಜದ ಪೇಟೆಗೆ ಹೋದವಳು ಕೊತ್ತಂಬರಿ ಇಲ್ಲದೆ ಮನೆಗೆ ಬಂದೆ. ತಪ್ಪು ನನ್ನದಲ್ಲ, ವಾಸನೆಯದು. ದೀಪಾವಳಿಗೆ ಎಂಟು ದಿನ ಇದೆ ಎನ್ನುವಾಗ ನಮ್ಮೂರಿನ ಬೇಕರಿಗಳ ಹಿಂದಿನ ಓಣಿಗಳಲ್ಲಿ ಒಂದು ವಾಸನೆ ಏಳುತ್ತದೆ. ಕಾದ ಸಕ್ಕರೆ, ಏಲಕ್ಕಿ, ಭಟ್ಟಿಯ ಕಟ್ಟಿಗೆಯ ಹೊಗೆ, ಇವೆಲ್ಲ ಸೇರಿದ್ದು. ಸ್ಕೂಟರ್ ತಾನಾಗಿ ನಿಂತಿತು. ಮುಂದಿನ ಅರ್ಧ ಗಂಟೆ ನಾನು ಅಲ್ಲಿ ಏನು ಮಾಡಿದೆ ಎಂದು ಕೇಳಬೇಡಿ. ಸುಮ್ಮನೆ ನಿಂತಿದ್ದೆ.

ನಿಮ್ಮ ಕಡೆ ಈ ಪದ್ಧತಿ ಇದೆಯೋ ಇಲ್ಲವೋ, ಹೇಳಿಬಿಡುತ್ತೇನೆ. ಹಬ್ಬದ ನಾನಕಟಾಯಿ ಬಿಸ್ಕತ್ತನ್ನು ನಮ್ಮಲ್ಲಿ ಮನೆಯೊಳಗೆ ಸುಡುವುದಿಲ್ಲ. ಹಾಗಂತ ಅಂಗಡಿಯಿಂದ ಕೊಂಡು ತಂದರೆ ಮರ್ಯಾದೆ ಉಳಿಯುವುದಿಲ್ಲ. ಮೈದಾ, ರವೆ, ಪುಡಿಸಕ್ಕರೆ, ಜಿಡ್ಡು ಎಲ್ಲ ಹಾಕಿ ಮನೆಯಲ್ಲೇ ಹಿಟ್ಟು ನಾದಿಕೊಂಡು, ಡಬ್ಬಿಯಲ್ಲಿ ತುಂಬಿಕೊಂಡು ಬೇಕರಿಗೆ ಹೋಗಬೇಕು. ತಗಡಿನ ಟ್ರೇ ಬೇಕರಿಯವನದು, ಭಟ್ಟಿ ಬೇಕರಿಯವನದು, ಉಂಡೆ ಕಟ್ಟುವ ಕೈ ನಮ್ಮದು. ಸರದಿ ಬರಲು ಎರಡು ತಾಸೋ ಮೂರು ತಾಸೋ ಬೇಕು. ಅಷ್ಟು ಹೊತ್ತು ಹೆಂಗಸರು ಹೊರಗಿನ ಕಟ್ಟೆಯ ಮೇಲೆ ಕೂತು ಊರಿನ ಸೊಸೆಯಂದಿರನ್ನೆಲ್ಲ ವಿಚಾರಿಸಿಕೊಳ್ಳುತ್ತಾರೆ. ಒಂದೇ ಭಟ್ಟಿಗೆ ಹತ್ತು ಮನೆಯ ಟ್ರೇ ಹೋಗುವುದರಿಂದ ಒಬ್ಬೊಬ್ಬರದು ಒಂದೊಂದು ಗುರುತು. ಒಬ್ಬರು ಗೋಡಂಬಿ ಚೂರು ಒತ್ತುತ್ತಾರೆ, ಇನ್ನೊಬ್ಬರು ಉಗುರಿನಿಂದ ಗೀರು ಎಳೆಯುತ್ತಾರೆ. ನನ್ನ ಮಾವಶಿ, ಅಂದರೆ ತಾಯಿಯ ತಂಗಿ ಪಾರ್ವತಿ, ಹೆಬ್ಬೆರಳಿನಿಂದ ನಡುವೆ ಒಂದು ಗುಳಿ ಮಾಡುತ್ತಿದ್ದಳು. ಅವಳ ಗೆಳತಿ ಬೇಡಗದ ತಂಗೆವ್ವ ಕಡ್ಡಿಯಿಂದ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆಯುತ್ತಿದ್ದಳು. ಇನ್ನೊಂದು ಮಾತು, ಲಕ್ಷ್ಮೀಪೂಜೆಯ ದಿನ ನೈವೇದ್ಯ ಆಗುವವರೆಗೆ ಯಾರೂ ಅದರ ಒಂದು ಚೂರನ್ನೂ ಬಾಯಿಗೆ ಹಾಕುವಂತಿಲ್ಲ.

ಇವರಿಬ್ಬರೂ ಪ್ರಾಯದಲ್ಲಿ ಸಾಂಗ್ಲಿಯ ಒಂದು ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಅರಿಶಿನ ಕೊಂಬು ಆರಿಸುವ ಕೂಲಿಗೆ ಹೋಗುತ್ತಿದ್ದವರು. ಅರಿಶಿನದ ಧೂಳು ಎಂದರೆ ಏನೆಂದು ಆರಿಸಿದವರಿಗೇ ಗೊತ್ತು. ಮೂಗು, ಕಿವಿ, ಸೆರಗಿನ ಅಂಚು, ಮನೆಗೆ ಹೋಗಿ ತಟ್ಟಿದ ರೊಟ್ಟಿ ಎಲ್ಲವೂ ಹಳದಿ. ಆ ಧೂಳಿನಲ್ಲಿ ಎದುರುಬದುರು ಕೂತು ಇಬ್ಬರೂ ದಿನವಿಡೀ ಒಬ್ಬರನ್ನೊಬ್ಬರು ಬೈಯುತ್ತಿದ್ದರಂತೆ. ಆಮೇಲೆ ತಂಗೆವ್ವನ ಗಂಡನ ಪಾಲಿಗೆ ಬೇಡಗದಲ್ಲಿ ಹೊಲ ಬಂತು. ಕುರಿ, ಎಮ್ಮೆ ಕಟ್ಟಿಕೊಂಡು ಅವಳು ಅಲ್ಲಿಗೆ ಹೋದಳು. ಮಾವಶಿ ನದಿಯಾಚೆ ಸಾಂಗ್ಲಿವಾಡಿಯಲ್ಲಿ ಉಳಿದಳು. ಇಬ್ಬರ ನಡುವೆ ಮಿರಜ ಬಿತ್ತು. ಹಾಗಾಗಿ ವರ್ಷಕ್ಕೊಮ್ಮೆ ಮಿರಜದ ಭಟ್ಟಿಯಲ್ಲಿ ಸೇರುವುದೆಂದು ಮಾಡಿಕೊಂಡರು.

ನನ್ನ ಮಾವಶಿಗೆ ಅರವತ್ತೈದು ದಾಟಿದ ಮೇಲೆ ಕಾಲಿಗೆ ಚಕ್ರ ಬಂತು. ಮುದುಕರಿಗೆ ಎಸ್.ಟಿ. ಬಸ್ಸಿನಲ್ಲಿ ಅರ್ಧ ಟಿಕೆಟ್ ಎಂದು ತಿಳಿದ ದಿನದಿಂದ ಅವಳು ಮನೆಯಲ್ಲಿ ನಿಂತದ್ದೇ ಅಪರೂಪ. ಅರಿಶಿನ ಆರಿಸಿದ ಹಳೆಯ ಗೆಳತಿಯರನ್ನು ಊರೂರಿಗೆ ಹುಡುಕಿಕೊಂಡು ಹೋಗುತ್ತಿದ್ದಳು. ಸಮಡೋಳಿಯಲ್ಲಿ ಒಬ್ಬಳು, ಅಥಣಿಯ ಕಡೆ ಇನ್ನೊಬ್ಬಳು, ಪಂಢರಪುರದಲ್ಲಿ ಮಗಳ ಮನೆ ಸೇರಿಕೊಂಡ ಮತ್ತೊಬ್ಬಳು. ಒಂಬತ್ತರ ಬಸ್ಸಿಗೆ ಏಳೂವರೆಗೇ ಸ್ಟ್ಯಾಂಡಿನಲ್ಲಿ ಹಾಜರು. ಡ್ರೈವರನ ಹಿಂದಿನ ಸೀಟೇ ಆಗಬೇಕು. ಇಳಿಯುವಷ್ಟರಲ್ಲಿ ಡ್ರೈವರನಿಗೆ ಮಕ್ಕಳೆಷ್ಟು, ಯಾವ ಮಗಳನ್ನು ಎಲ್ಲಿಗೆ ಕೊಟ್ಟಿದ್ದಾನೆ ಎಂಬುದೆಲ್ಲ ಅವಳಿಗೆ ಗೊತ್ತಾಗಿರುತ್ತಿತ್ತು. ಬೇಡಗಕ್ಕೆ ಮಾತ್ರ ಹೋಗುತ್ತಿರಲಿಲ್ಲ. ತಂಗೆವ್ವನ ಭೇಟಿ ಭಟ್ಟಿಯ ಕಟ್ಟೆಗೇ ಮೀಸಲು.

ಹೋಗುತ್ತಾ ಹೋಗುತ್ತಾ ಆ ಗೆಳತಿಯರು ಒಬ್ಬೊಬ್ಬರೇ ಇಲ್ಲವಾದರು. ಸಮಡೋಳಿಯಿಂದ ಒಮ್ಮೆ ಮಧ್ಯಾಹ್ನವೇ ಮರಳಿ ಬಂದ ಮಾವಶಿ, "ಅಕೀನೂ ಹೋದಳು. ಇನ್ನ ನನ್ನ ಹೆಸರ ಹಿಡದ ಕರಿಯಾಕಿ ತಂಗೆವ್ವ ಒಬ್ಬಾಕಿನ ಉಳದಾಳ" ಎಂದಳು. ಆಗ ನಾನು ಆ ಮಾತಿಗೆ ಅಷ್ಟು ಗಮನ ಕೊಡಲಿಲ್ಲ.

ಈಗ ನನ್ನ ಪರಾಕ್ರಮಕ್ಕೆ ಬರುತ್ತೇನೆ. ನಾನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವಳು. ಬದುಕಿನ ಅರ್ಧವನ್ನು ಕಾಗದಕ್ಕೆ ಸಿಕ್ಕೆ ಒತ್ತುವುದರಲ್ಲಿ ಕಳೆದವಳಿಗೆ ಕಾಗದದ ಮೇಲೆ ಇರುವ ನಂಬಿಕೆ ದೇವರ ಮೇಲೂ ಇರುವುದಿಲ್ಲ. ಒಂದು ವರ್ಷ ಇಬ್ಬರಿಗೂ ಕೈನೆರವು ಬೇಕಾಗುತ್ತದೆಂದು ಭಟ್ಟಿಗೆ ಜೊತೆಯಾದೆ. ಟ್ರೇಗಳು ಹೊರಬಂದಾಗ ಇಬ್ಬರೂ ವಖಾರಿಯಲ್ಲಿ ಕೂಲಿಯವರ ಮೇಲಿದ್ದ ಯಾವುದೋ ಹಳೆಯ ಮುಕಾದಮನನ್ನು ಬೈಯುವುದರಲ್ಲಿ ಮುಳುಗಿದ್ದರು. "ನೀವು ಕುಂದ್ರಿ, ನಾ ಡಬ್ಬಿ ತುಂಬತೇನಿ" ಎಂದೆ. ಬೇಕರಿಯವರು ಟ್ರೇಯ ಮೂಲೆಗೆ ನಂಬರಿನ ಚೀಟಿ ಸಿಕ್ಕಿಸಿರುತ್ತಾರೆ. ಭಟ್ಟಿಯೊಳಗೆ ಟ್ರೇ ಎಳೆದಾಡುವಾಗ ಚೀಟಿ ಒಂದರಿಂದ ಇನ್ನೊಂದಕ್ಕೆ ಹೋಗಿಬಿಡುತ್ತದೆ, ಅದಕ್ಕೇ ಹೆಂಗಸರು ಚೀಟಿಯ ಕಡೆ ನೋಡುವುದೇ ಇಲ್ಲ, ಗುರುತು ನೋಡುತ್ತಾರೆ. ನಾನು ಚೀಟಿ ನೋಡಿದೆ. ನಂಬರು ತಾಳೆ ನೋಡಿ, ಮುಚ್ಚಳ ಹಾಕಿ, ಮೇಲೆ ಬಟ್ಟೆ ಕಟ್ಟಿ ಕೊಟ್ಟೆ. ಕಚೇರಿಯಲ್ಲಾಗಿದ್ದರೆ ಶಹಬ್ಬಾಸ್ ಎನ್ನುತ್ತಿದ್ದರು.

ಲಕ್ಷ್ಮೀಪೂಜೆಯ ಸಂಜೆ ಸಾಂಗ್ಲಿವಾಡಿಯಲ್ಲಿ ಡಬ್ಬಿ ಬಿಚ್ಚಿದಾಗ ಒಂದರ ಮೇಲೂ ಹೆಬ್ಬೆರಳಿನ ಗುಳಿ ಇರಲಿಲ್ಲ. ಎಲ್ಲದರ ಮೇಲೂ ಅಡ್ಡ ಒಂದು, ಉದ್ದ ಒಂದು ಗೆರೆ. ನಾನು ತಲೆ ಮೇಲೆ ಕೈ ಹೊತ್ತೆ. "ಇರವಲ್ಲದ್ಯಾಕ, ಲಕ್ಷ್ಮಿಗೆ ಯಾರ ಮನೀದಾದ್ರೇನು" ಎಂದು ಮಾವಶಿ ಅದನ್ನೇ ನೈವೇದ್ಯಕ್ಕಿಟ್ಟಳು. ಆಮೇಲೆ ಒಂದನ್ನು ಮುರಿದು ಬಾಯಿಗಿಟ್ಟುಕೊಂಡಳು. ಅಗಿಯುವುದು ನಿಧಾನವಾಯಿತು. ನಾನೂ ಒಂದು ತಿಂದೆ. ತುಪ್ಪದ ಸುಳಿವಿಲ್ಲ, ಬರೀ ಅಗ್ಗದ ವನಸ್ಪತಿ.

ತಂಗೆವ್ವ ಕಟ್ಟೆಯ ಮೇಲೆ ಕೂತಾಗಲೆಲ್ಲ ತನ್ನ ಎಮ್ಮೆಯ ವರ್ಣನೆ ಮಾಡುತ್ತಿದ್ದಳು. ಅದರ ಹಾಲಿನ ಕೆನೆ ಎಷ್ಟು ದಪ್ಪ, ತುಪ್ಪಕ್ಕೆ ಎಂಥ ಹರಳು ಕಟ್ಟುತ್ತದೆ, ಇದೇ ಮಾತು. ಅದನ್ನು ಕೇಳಿ ಕೇಳಿ ಅವಳ ಹಿಟ್ಟಿನಲ್ಲೂ ಆ ತುಪ್ಪವೇ ಇರುತ್ತದೆ ಎಂದು ನಾವು ತಿಳಿದಿದ್ದೆವು.

"ಹಾಲೆಲ್ಲಾ ಡೇರಿಗೆ ಹೊಕ್ಕೇತಿ ಕಾಣತೈತಿ. ಮನ್ಯಾಗ ತುಪ್ಪ ಎಲ್ಲಿ ಉಳಿಬೇಕು? ಪಾಪ," ಎಂದಳು ಮಾವಶಿ.

"ಫೋನ್ ಮಾಡಲೇನು? ಡಬ್ಬಿ ಬದಲಾಗ್ಯಾವು ಅಂತ ಹೇಳೋಣು."

"ಬ್ಯಾಡ. ನಮಗ ಗೊತ್ತಾತು ಅಂತ ಅಕಿಗೆ ಗೊತ್ತಾಗತೈತಿ. ನಾಚಿಗಿ ಆಗತೈತಿ ಅಕಿಗೆ."

ಎಷ್ಟು ದೊಡ್ಡ ಮನಸ್ಸು ಎಂದು ನನಗೆ ಕಣ್ಣು ತುಂಬಿ ಬಂತು. ಆ ಡಬ್ಬಿಯನ್ನು ನಾವು ಮರ್ಯಾದೆಯಿಂದ ತಿಂದು ಮುಗಿಸಿದೆವು, ಯಾರಿಗೂ ಹೇಳಲಿಲ್ಲ. ಅತ್ತ ಬೇಡಗದಿಂದಲೂ ಫೋನ್ ಬರಲಿಲ್ಲ.

ಮರುವರ್ಷ ಭಟ್ಟಿಯ ದಿನ ತಂಗೆವ್ವ ಬರಲಿಲ್ಲ. ಮೊಣಕಾಲು ನೋವು ಎಂದು ಮೊಮ್ಮಗನಿಂದ ಹೇಳಿಸಿದಳು. ಅವನು ಮರಾಠಿಯಲ್ಲಿ ಎರಡೇ ಮಾತು ಹೇಳಿ ಫೋನ್ ಇಟ್ಟ. ಮಾವಶಿ ಒಬ್ಬಳೇ ಉಂಡೆ ಕಟ್ಟಿದಳು. ಕಟ್ಟೆಯ ಮೇಲೆ ಎಷ್ಟು ಜನ ಮಾತಾಡಿಸಿದರೂ ಹೂಂ ಎಂದಷ್ಟೇ ಹೇಳಿದಳು. ಮನೆಗೆ ಮರಳುವಾಗ ಸ್ಕೂಟರಿನ ಹಿಂದಿನಿಂದ, "ಮೊಣಕಾಲಲ್ಲ ಅದು. ಅಕಿ ಇನ್ನ ಬರೂದಿಲ್ಲ" ಎಂದಳು. ಸಮಡೋಳಿಯಿಂದ ಬಂದ ದಿನ ಅವಳು ಆಡಿದ ಮಾತು ಆಗ ನನಗೆ ಅರ್ಥವಾಯಿತು. ಹೆಸರು ಹಿಡಿದು ಕರೆಯುವ ಕೊನೆಯವಳೂ ಕೈತಪ್ಪುತ್ತಿದ್ದಳು.

ಹಬ್ಬ ಮುಗಿದ ಮೇಲೆ ಬೇಡಗಕ್ಕೆ ಹೊರಟೆವು. ಆವತ್ತು ಮಾವಶಿ ಡ್ರೈವರನ ಹಿಂದೆ ಕೂತರೂ ಅವನನ್ನು ಒಂದು ಮಾತೂ ಕೇಳಲಿಲ್ಲ. ನನ್ನ ಚೀಲದಲ್ಲಿ ಅವಳಿಗೆ ಗೊತ್ತಿಲ್ಲದ ಒಂದು ವಸ್ತು ಇತ್ತು. ಎರಡು ಕಿಲೋ ಶುದ್ಧ ತುಪ್ಪ. ನನ್ನದೇ ಯೋಚನೆ. ಬಡವರಿಗೆ ನೋವಾಗದಂತೆ ಉಪಕಾರ ಮಾಡುವ ಕಲೆ ನನಗೆ ತಿಳಿದಿದೆ ಎಂದು ದಾರಿಯುದ್ದಕ್ಕೂ ಹೆಮ್ಮೆಪಡುತ್ತಾ ಕೂತಿದ್ದೆ.

ತಂಗೆವ್ವ ಬಾಗಿಲಿಗೆ ಬಂದಳು. "ಬರ್ರಿ, ಕುಂದ್ರಿ. ನೀರ ತರಲ್ಯಾ?" ಎಂದಳು.

ಹೇಳಿದ್ದು ನನಗಲ್ಲ, ಮಾವಶಿಗೆ. ಪಾರೀ ಎಂದು ಕರೆಯುತ್ತಿದ್ದವಳು ಬೀಗಿತ್ತಿಯನ್ನು ಮಾತಾಡಿಸಿದಂತೆ ಮಾತಾಡಿಸಿದಳು. ಮೂಲೆಯಲ್ಲಿ ಕಂಬಳಿ ಹಾಸಿಯೇ ಇತ್ತು, ನಮಗೆ ಮಾತ್ರ ಪ್ಲಾಸ್ಟಿಕ್ ಕುರ್ಚಿ ಒರೆಸಿ ಕೊಟ್ಟಳು. ಚಹಾ ಕಪ್ಪುಬಸಿಯಲ್ಲಿ ಬಂತು. ಮಳೆ ಹೇಗೆ, ಬಸ್ಸಿನಲ್ಲಿ ಜಾಗ ಸಿಕ್ಕಿತೇ, ಮಕ್ಕಳು ಆರಾಮೇ ಎಂದು ಕೇಳಿದಳು. ಮಾವಶಿ ಕುರ್ಚಿಯ ತುದಿಯಲ್ಲಿ ಕೂತು ಎಲ್ಲದಕ್ಕೂ ಹೌದು ಎಂದಳು. ಇದೇ ಸಮಯ ಎಂದು ಚೀಲದಿಂದ ತುಪ್ಪ ತೆಗೆದು ಅವಳ ಮುಂದಿಟ್ಟೆ.

"ಕಾಕೂ, ಇದು ನಿಮಗ. ಮುಂದಿನ ಹಬ್ಬದ ನಾನಕಟಾಯಿಗೆ ಬೇಕಾಗತೈತಿ ಅಂತ..."

ಮಾವಶಿ ನನ್ನನ್ನು ನೋಡಿದ ರೀತಿ ನಾನು ಸಾಯುವವರೆಗೆ ಮರೆಯುವುದಿಲ್ಲ. ತಂಗೆವ್ವ ಎದ್ದು ಒಳಗೆ ಹೋದಳು. ಮುಗಿಯಿತು ಎಂದುಕೊಂಡೆ. ಒಂದು ದೊಡ್ಡ ಸ್ಟೀಲಿನ ಕೊಳಗ ಎರಡೂ ಕೈಯಲ್ಲಿ ಹಿಡಿದು ಬಂದು, ನನ್ನ ತುಪ್ಪದ ಪಕ್ಕದಲ್ಲೇ ಧಪ್ಪನೆ ಇಟ್ಟು ಮುಚ್ಚಳ ತೆಗೆದಳು. ಕಂಠದವರೆಗೆ ಹರಳುಗಟ್ಟಿದ ತುಪ್ಪ.

"ಪಾರೀ, ನನ್ನ ಮನ್ಯಾಗ ತುಪ್ಪ ಇಲ್ಲಂತ ನಿನಗ ಯಾರ ಹೇಳಿದ್ರು?"

"ಯಾರೂ ಹೇಳಿಲ್ಲ. ನಿನ್ನ ನಾನಕಟಾಯಿ ತಿಂದೆ. ವನಸ್ಪತಿ ಇತ್ತು."

"ವನಸ್ಪತಿ ಹಾಕಿದ್ರ ವನಸ್ಪತಿನ ಇರತೈತಿ. ತುಪ್ಪ ಹೋಳಿಗಿಗೆ. ನಾನಕಟಾಯಿಗೆ ತುಪ್ಪ ಹಾಕಿದ್ರ ಕರಕರ ಆಗತಾವನು? ನಿನ್ನ ಡಬ್ಬಿ ಇಲ್ಲಿ ಬಂದಿತ್ತಲ್ಲ, ನಮ್ಮ ಹುಡುಗೂರು ಒಂದ ಮುಟ್ಟಿ ಬಿಟ್ಟೂವು. ಮೆತ್ತಗ, ಕೈಯಾಗ ಹಿಡದ್ರ ಪುಡಿ."

"ಮೆತ್ತಗನು?" ಮಾವಶಿ ಕುರ್ಚಿಯಿಂದ ಎದ್ದಳು. "ನಿನ್ನವು ಕಡದು ನನ್ನ ಹಲ್ಲ ಅಳ್ಳಾಡಿತು ಗೊತ್ತೈತೇನು?"

"ಮತ್ತ ಅದನ್ನ ಅವತ್ತ ಹೇಳಬೇಕಿಲ್ಲ?" ತಂಗೆವ್ವನ ದನಿ ಒಮ್ಮೆಲೇ ಒಡೆಯಿತು. "ಅವತ್ತ ಫೋನ್ ಮಾಡಿ, ಏ ಖೋಡಿ, ಏನ ಹಾಕೀದಿ ಇದರಾಗ ಅಂತ ಬೈಬೇಕಿತ್ತು. ಹಾದಿ ನೋಡೇನಿ ನಾನು. ಸಂಕ್ರಾಂತಿ ಆತು, ಪಂಚಮಿ ಆತು, ಪಾರಿ ಬೈಲಿಲ್ಲ. ಪಾಪ ಅಂದಿರಬೇಕು ನೀ. ಅರಿಷಿಣದಾಗ ಹೊರಳ್ಯಾಡಿ ದಿನಾ ಬೈದಾಡಿ ಬೆಳದವ್ರು ನಾವು. ನನಗ ಮರ್ಯಾದಿ ಕೊಡಾಕ ಯಾವಾಗಿಂದ ಕಲತಿ ನೀ? ಅದಕ್ಕ ನಾನೂ ಇವತ್ತ ಕೊಟ್ಟೆ. ಹೆಂಗ ಅನಿಸಿತು?"

ಮಾವಶಿ ಮೂಲೆಗೆ ಹೋಗಿ ಕಂಬಳಿಯ ಮೇಲೆ ಕಾಲು ಚಾಚಿ ಕೂತು ಅಳತೊಡಗಿದಳು. ತಂಗೆವ್ವ ಪಕ್ಕದಲ್ಲಿ ಕೂತು, ಅಳುವುದಕ್ಕೂ ಸೇರಿಸಿ ಬೈದಳು. ಸ್ವಲ್ಪ ಹೊತ್ತಿಗೆ ಇಬ್ಬರೂ ಸೇರಿ ನನ್ನನ್ನು ಬೈಯಲು ಹಿಡಿದರು. ಚೀಟಿ ನಂಬಿದ್ದಕ್ಕೆ ಮಾವಶಿ ಬೈದಳು, ತುಪ್ಪ ತಂದದ್ದಕ್ಕೆ ತಂಗೆವ್ವ ಬೈದಳು. ನನ್ನ ಎರಡು ಕಿಲೋ ತುಪ್ಪವನ್ನು ಮರಳಿ ನನ್ನ ಚೀಲಕ್ಕೇ ಹಾಕಿ ಕಳಿಸಿದರು. ಕರುಣೆ ಎಂದು ನಾನು ಹೊತ್ತುಕೊಂಡು ಹೋದದ್ದು ಇನ್ನೊಬ್ಬರ ಮನೆಯಲ್ಲಿ ಅವಮಾನವಾಗಿ ಇಳಿಯಬಹುದು ಎಂಬುದು ಐವತ್ತೆಂಟನೆಯ ವಯಸ್ಸಿನಲ್ಲಿ ನನಗೆ ತಿಳಿಯಿತು. ಕಚೇರಿಯಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ.

ಅದಾದ ಮೇಲೆ ನಾಲ್ಕು ದೀಪಾವಳಿ ಅವರಿಬ್ಬರೂ ಭಟ್ಟಿಯ ಕಟ್ಟೆಯ ಮೇಲೆ ತುಪ್ಪ ಹೆಚ್ಚೋ ವನಸ್ಪತಿ ಹೆಚ್ಚೋ ಎಂದು ಜಗಳವಾಡಿದರು. ಬೇಕರಿಯ ಚಾಚಾ ತೀರ್ಪು ಕೊಡಲು ಹೋಗಿ ಇಬ್ಬರಿಂದಲೂ ಬೈಸಿಕೊಂಡ. ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಮಾವಶಿ ತೀರಿಕೊಂಡಳು. ತಂಗೆವ್ವ ಮಣ್ಣಿಗೆ ಬಂದಳು. ಸಂಜೆಯ ಬಸ್ಸಿಗೆ ಮರಳಿ ಹೋದಳು.

ಅಲ್ಲಿಂದ ಈಚೆಗೆ ನಾನು ಭಟ್ಟಿಗೆ ಹೋಗಿರಲಿಲ್ಲ. ಹಬ್ಬಕ್ಕೆ ಅಂಗಡಿಯ ಪೊಟ್ಟಣ ತರುತ್ತಿದ್ದೆ, ಮಗನಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಬೇಡಗಕ್ಕೂ ಫೋನ್ ಮಾಡಿರಲಿಲ್ಲ. ಮುದುಕಿಗೆ ಹಳೆಯದೆಲ್ಲ ನೆನಪು ಮಾಡಿ ಯಾಕೆ ನೋಯಿಸಬೇಕು, ಎಂಬತ್ತರ ಜೀವವನ್ನು ಯಾಕೆ ಎಳೆದಾಡಬೇಕು ಎಂದುಕೊಳ್ಳುತ್ತಿದ್ದೆ. ಹೀಗೆ ಅಂದುಕೊಂಡಾಗಲೆಲ್ಲ ನಾನು ಬಹಳ ಒಳ್ಳೆಯವಳು ಎಂದೂ ಅನಿಸುತ್ತಿತ್ತು. ಮೊನ್ನೆ ಆ ಓಣಿಯಲ್ಲಿ ಅರ್ಧ ಗಂಟೆ ನಿಂತಾಗ ಹೊಳೆದದ್ದು ಇಷ್ಟೇ: ಬೇಡಗದಲ್ಲಿ ಅವತ್ತು ಅಷ್ಟೆಲ್ಲ ಬೈಸಿಕೊಂಡು ಬಂದಿದ್ದರೂ ಮತ್ತೆ ಅದನ್ನೇ ಮಾಡುತ್ತಿದ್ದೇನೆ.

ಮರುದಿನ ಬೇಡಗದ ಬಸ್ಸು ಹತ್ತಿದೆ. ಕೈಯಲ್ಲಿ ಏನನ್ನೂ ಒಯ್ಯಲಿಲ್ಲ. ತಂಗೆವ್ವ ಬಿಸಿಲಿಗೆ ಕೂತಿದ್ದಳು, ಕಣ್ಣಿಗೆ ಕೈ ಅಡ್ಡ ಹಿಡಿದು ಯಾರೆಂದು ನೋಡಿದಳು. ಗುರುತು ಸಿಕ್ಕಿದ ಮೇಲೂ ಬಾ ಎನ್ನಲಿಲ್ಲ.

"ಎರಡ ದೀಪಾವಳಿ ಆತು," ಎಂದಳು.

"ನಿಮಗ ತ್ರಾಸ ಕೊಡಬಾರದು ಅಂತ ಬರಲಿಲ್ಲ, ಕಾಕೂ."

"ತ್ರಾಸ ಕೊಡಾಕಿ ಹೋಗಿ ಎರಡ ವರ್ಷ ಆತು," ಎಂದಳು ತಂಗೆವ್ವ. "ನೀನರ ಕೊಡು."