ಔಷಧಿ ಕುಡಿದವಳ ಉಪವಾಸ

ಗೆಳತಿಯರೇ, ಇಂದು ಶ್ರಾವಣ ಸೋಮವಾರ, ನನ್ನ ಉಪವಾಸ. ಅಂಗಳ ಸಾರಿಸಿ, ಪೂಜೆ ಮುಗಿಸಿ ಕೂತಿದ್ದೆ.

ನನ್ನ ವಾರಗಿತ್ತಿ ಗೌರಿಗೆ ನಾಳೆ ದಾವಣಗೆರೆಯಲ್ಲಿ ಕರುಳಿನ ಎಕ್ಸರೇ. ಇವತ್ತು ಊಟ ಬಿಟ್ಟು ಭೇದಿ ಔಷಧಿ ಕುಡಿಯಬೇಕು, ನೀರು ಮಾತ್ರ ಧಾರಾಳವಾಗಿ ಕುಡಿಯಬೇಕು ಎಂದಿದ್ದರು ಡಾಕ್ಟರು. ಹೇಗೂ ಹೊಟ್ಟೆ ಖಾಲಿಯೆಂದು ಈಕೆ ನೀರನ್ನೂ ಬಿಟ್ಟು ನಿಟ್ಟುಪವಾಸ ಹಿಡಿದಳು!

"ನೋಡು, ಗೌರಿ ಹನಿ ನೀರು ಮುಟ್ಟಿಲ್ಲ. ನಿನಗಾದ್ರೆ ಹಾಲು, ಬಾಳೆಹಣ್ಣು ಬೇಕು" ಎಂದರು ಅತ್ತೆ. ಮೂವತ್ತು ವರ್ಷದ ನನ್ನ ಸೋಮವಾರಗಳು ಒಂದೇ ಮಾತಿಗೆ ಹೋದವು. ಹೊಟ್ಟೆ ಉರಿಯಿತು.

ಏಳನೇ ಸಲ ಹಿತ್ತಲಿಗೆ ಹೋದ ಗೌರಿ ಗೋಡೆ ಹಿಡಿದು ಕುಸಿದಳು.

"ಅಕ್ಕಾ, ಕಣ್ಣು ಕತ್ತಲೆ ಬರ್ತೈತೆ, ಕಾಲು ಸೆಳೀತೈತೆ."

"ನೀರು ಕುಡಿಯೇ!"

"ವ್ರತ ಕೆಡ್ತೈತಕ್ಕಾ."

"ಕೆಡ್ಲಿ, ನಾನೇ ಕೆಡಿಸ್ತೀನಿ!"

ಉಪ್ಪು ಸಕ್ಕರೆ ಕದಡಿದ ನೀರು ಒಂದು ಚೊಂಬು ಕುಡಿಸಿದೆ. ಸ್ವಲ್ಪ ಹೊತ್ತಿಗೆ ಎದ್ದು ಕೂತಳು. ಜೀವ ಉಳಿಸಿದ ಸಮಾಧಾನಕ್ಕಿಂತ ವ್ರತ ಕೆಡಿಸಿದ ಖುಷಿಯೇ ನನಗೆ ಹೆಚ್ಚಾಯಿತು, ಶಿವ ಕ್ಷಮಿಸಲಿ. ಅತ್ತೆ ಮಾತ್ರ, "ಪಾಪ, ಅಲ್ಲೀತನಕ ತಡಕೊಂಡ್ಳಲ್ಲ!" ಎನ್ನುತ್ತಿದ್ದಾರೆ.

ಭೇದಿ ಔಷಧಿಯ ಉಪವಾಸಕ್ಕೂ ಪುಣ್ಯ ಉಂಟೇ ಎಂದು ನಿಮ್ಮೂರ ಅಯ್ಯನವರನ್ನು ಕೇಳಿ ಬರೆಯಿರಿ. ನಮ್ಮೂರ ಕಡೆಯ ನ್ಯಾಮತಿ ಬಸ್ಸಿಗೆ ಬರುವವರು ಯಾರಾದರೂ ಉತ್ತರ ತಂದುಕೊಡಿ. ಇಲ್ಲವೆಂದು ಬರೆದಿದ್ದರೆ ಅತ್ತೆಯ ಎದುರಿಗೇ ಕೊಡಿ.